ಗಾಡಿ ಕಾರ್ಖಾನೆಯ ಬೆನ್ನು ಹತ್ತಿ: ಒಂದು ಜರ್ಮನ್ ತಕ್ಕಡಿಯ ಜಾಡು

ಮುಂಭಾಗದ ಹಿತ್ತಾಳೆ ಪಟ್ಟಿಯ ಮೇಲೆ ಎಲ್ಬರ್‌ಫೆಲ್ಡ್ ಎಂಬ ಊರಿನ ಹೆಸರಿದ್ದ ಹತ್ತು ಕಿಲೋ ತಕ್ಕಡಿಯೊಂದನ್ನು ಮಾಡಿದವರು ಯಾರು ಎಂದು ತಿಳಿಯಲು ಹನ್ನೊಂದು ತಿಂಗಳು ಹಿಡಿಯಿತು. ಅದರಲ್ಲಿ ಮೂರು ತಿಂಗಳು ಕುದುರೆಗಾಡಿ ಮಾಡುವವನೊಬ್ಬನ ಹಿಂದೆ ಅಲೆದದ್ದು. ಕಳೆದ ವಾರ ಕೊನೆಯ ಕಾಗದ ಕೈಗೆ ಬಂತು. ಆ ಮೂರು ತಿಂಗಳಾದರೂ ಬೇರೆಯವರಿಗೆ ಉಳಿಯಲಿ ಅಂತ ಇದನ್ನು ಬರೆದಿಡುತ್ತಿದ್ದೇನೆ.

ತಕ್ಕಡಿ ಯಾವ ಬಗೆಯದು ಎಂಬುದು ಮೊದಲು. ಜರ್ಮನರು ಇದಕ್ಕೆ ಟಾಫೆಲ್‌ವಾಗೆ ಅನ್ನುತ್ತಾರೆ. ಎರಕದ ಕಬ್ಬಿಣದ ಉದ್ದನೆಯ ಒಡಲು, ಮೇಲೆ ಎರಡು ಹಿತ್ತಾಳೆ ತಟ್ಟೆ, ನಡುವೆ ಎದುರುಬದುರು ನೋಡುವ ಎರಡು ಕೊಕ್ಕು. ಕೊಕ್ಕುಗಳು ಒಂದೇ ಮಟ್ಟಕ್ಕೆ ಬಂದರೆ ತೂಕ ಸರಿ. ಎಲೆಕ್ಟ್ರಾನಿಕ್ ತಕ್ಕಡಿ ಬರುವ ಮುಂಚೆ ನಮ್ಮ ಕಿರಾಣಿ ಅಂಗಡಿಗಳಲ್ಲಿದ್ದ ಕೌಂಟರ್ ತಕ್ಕಡಿಯೂ ಇದೇ ಕುಲದ್ದು. 1669ರಲ್ಲಿ ಫ್ರಾನ್ಸಿನ ರೋಬರ್ವಾಲ್ ತೋರಿಸಿಕೊಟ್ಟ ಸಮಾಂತರ ಕೈಗಳ ಜೋಡಣೆ ಇವೆರಡರ ಹೊಟ್ಟೆಯಲ್ಲೂ ಇದೆ. ಮೇಲೊಂದು ದಂಡಿಗೆ, ಕೆಳಗೊಂದು ಹಿಡಿಕಂಬಿ, ಎರಡನ್ನೂ ಜೋಡಿಸುವ ನಿಲುವುಗಳು. ಈ ಜೋಡಣೆ ಇರುವುದರಿಂದಲೇ ಸಾಮಾನನ್ನು ತಟ್ಟೆಯ ನಡುವೆ ಇಟ್ಟರೂ ಅಂಚಿಗೆ ಇಟ್ಟರೂ ತೂಕ ಬದಲಾಗುವುದಿಲ್ಲ.

ಬದಲಾದರೆ ಕೆಳಗಿನ ಕಂಬಿ ಬಾಗಿದೆ ಅಥವಾ ಯಾರೋ ಬಿಚ್ಚಿ ತಪ್ಪಾಗಿ ಜೋಡಿಸಿದ್ದಾರೆ ಎಂದರ್ಥ. ಭಾನುವಾರದ ಹಳೆ ಸಾಮಾನಿನ ಸಂತೆಗೆ ಹೋಗುವಾಗ ಜೇಬಿನಲ್ಲಿ 200 ಗ್ರಾಮಿನ ಎರಡು ಬಟ್ಟು ಇರಬೇಕು ಎನ್ನುವುದು ಇದಕ್ಕೇ. ಮೊದಲು ಖಾಲಿ ತಟ್ಟೆಯಲ್ಲಿ ಕೊಕ್ಕು ನೋಡಿ. ಆಮೇಲೆ ಎರಡೂ ಕಡೆ ಒಂದೊಂದು ಬಟ್ಟು ಇಟ್ಟು ನೋಡಿ. ಬಟ್ಟುಗಳನ್ನು ಅದಲುಬದಲು ಮಾಡಿ. ವಾಲುವ ಕಡೆಯೂ ಬಟ್ಟಿನ ಜೊತೆಗೇ ಅದಲುಬದಲಾದರೆ ತಪ್ಪು ಬಟ್ಟಿನದು. ಖಾಲಿಯಿದ್ದಾಗ ಸಮವಾಗಿದ್ದು, ಬಟ್ಟು ಬದಲಿಸಿದರೂ ಒಂದೇ ಕಡೆ ವಾಲಿದರೆ ದಂಡಿಗೆಯ ಎರಡು ತೋಳು ಸಮವಿಲ್ಲ. ಕೊನೆಗೆ ಒಂದು ಬಟ್ಟನ್ನು ತಟ್ಟೆಯ ಹೊರ ಅಂಚಿಗೂ ಒಳ ಅಂಚಿಗೂ ಸರಿಸಿ. ಎಲ್ಲ ಸೇರಿ ಎರಡು ನಿಮಿಷ ಸಾಕು. ಮಾರುವವರು ಮುಖ ಗಂಟಿಕ್ಕುತ್ತಾರೆ, ಗಂಟಿಕ್ಕಲಿ. ನಮ್ಮ ತಕ್ಕಡಿ ಮೊದಲ ಮೂರೂ ಪರೀಕ್ಷೆಯಲ್ಲಿ ಪಾಸಾಗಿ ಕೊನೆಯದರಲ್ಲಿ ಚೂರು ಎಡವಿತು. ಹೇಳಿದ ಬೆಲೆ 70 ಯೂರೋ, 45ಕ್ಕೆ ಸಿಕ್ಕಿತು.

ಇದೇ ಸಂತೆಗಳಲ್ಲಿ 'ಔಷಧಿ ಅಂಗಡಿಯ ಹಳೇ ತಕ್ಕಡಿ' ಎಂದು ಥಳಥಳ ಹೊಳೆಯುವ ಹಿತ್ತಾಳೆಯ ಪುಟ್ಟ ತಕ್ಕಡಿಗಳೂ ಇರುತ್ತವೆ. ಎಷ್ಟೋ ಸಲ ಅವು ನಮ್ಮ ಕಡೆಯವೇ, ಅಲಂಕಾರಕ್ಕೆಂದು ಭಾರತದಲ್ಲಿ ಎರಕ ಹೊಯ್ದು ರಫ್ತಾದವು. ಗುರುತು ಹಿಡಿಯುವುದು ಸುಲಭ: ದಂಡಿಗೆ ಕೂರುವ ಜಾಗದಲ್ಲಿ ಉಕ್ಕಿನ ಚೂಪು ಅಂಚು ಇರುವುದಿಲ್ಲ, ದುಂಡು ಮೊಳೆ ಇರುತ್ತದೆ. ನಿಜವಾದ ಜರ್ಮನ್ ತಕ್ಕಡಿಯಲ್ಲಿ ದಂಡಿಗೆ ತೂಗುವುದು ಚೂರಿಯಂಥ ಉಕ್ಕಿನ ಅಂಚಿನ ಮೇಲೆ. ಆ ಅಂಚು ಉಕ್ಕಿನ ಇಲ್ಲವೇ ಅಕೀಕು ಕಲ್ಲಿನ ಕುಳಿಯಲ್ಲಿ ಕೂತಿರುತ್ತದೆ.

ಮನೆಗೆ ತಂದ ದಿನವೇ ಎಲ್ಲರೂ ಮಾಡುವ ತಪ್ಪು ಹಿತ್ತಾಳೆ ಉಜ್ಜಲು ಕೂರುವುದು. ಮುದ್ರೆಗಳನ್ನೆಲ್ಲ ಓದಿ ಮುಗಿಯುವ ತನಕ ಪಾಲಿಷ್ ಡಬ್ಬಿ ಮುಚ್ಚಿಯೇ ಇರಲಿ. ಸರ್ಕಾರಿ ಮುದ್ರೆಗಳು ಎರಡು ಮೂರು ಮಿಲಿಮೀಟರ್ ಅಗಲದವು, ಕೂದಲೆಳೆಯಷ್ಟೇ ಆಳದವು. ನಾಲ್ಕು ಸಲ ಉಜ್ಜಿದರೆ ಮಾಯ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮೇಲಿನಿಂದ ಹಿಡಿಯದೆ ಲೋಹಕ್ಕೆ ಸವರಿದಂತೆ ಪಕ್ಕದಿಂದ ಹಿಡಿದರೆ ಅಕ್ಷರಗಳ ನೆರಳು ಏಳುತ್ತದೆ. ಟಾರ್ಚನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ನಾಲ್ಕು ಫೋಟೋ ತೆಗೆಯಬೇಕು, ಯಾಕೆಂದರೆ ಒಂದು ದಿಕ್ಕಿನ ಬೆಳಕಿಗೆ ಕಂಡ ಗೆರೆ ಇನ್ನೊಂದಕ್ಕೆ ಕಾಣುವುದಿಲ್ಲ. ಎರಕದ ಕಬ್ಬಿಣದ ಅಡಿಭಾಗಕ್ಕೆ ಸೀಮೆಸುಣ್ಣದ ಪುಡಿ ಸವರಿ, ಒಣಬಟ್ಟೆಯಿಂದ ಮೇಲಿನದನ್ನಷ್ಟೇ ಒರೆಸಿದರೆ ಕುಳಿಯೊಳಗಿನ ಅಕ್ಷರ ಬೆಳ್ಳಗೆ ಉಳಿಯುತ್ತದೆ. ತಂತಿ ಬ್ರಷ್ ಹತ್ತಿರವೂ ಬರಕೂಡದು.

ಇಷ್ಟಾದ ಮೇಲೆ ನಮ್ಮ ತಕ್ಕಡಿಯಲ್ಲಿ ಕಂಡದ್ದು ನಾಲ್ಕು ಸಂಗತಿ. ಮುಂದಿನ ಪಟ್ಟಿಯಲ್ಲಿ ಒಂದು ಮನೆತನದ ಹೆಸರು ಮತ್ತು ಎಲ್ಬರ್‌ಫೆಲ್ಡ್. ಪಕ್ಕದಲ್ಲಿ ಗರಿಷ್ಠ ಭಾರ 10 ಕಿಲೋ. ಒಡಲಿನ ಮೇಲೊಂದು ಪುಟ್ಟ ಲೋಹದ ಬಿರಡೆ, ಅದರ ತುಂಬ ಒಂದರ ಮೇಲೊಂದು ಮುದ್ರೆ. ಅಡಿಯಲ್ಲಿ ಡಿ.ಆರ್.ಪಿ. ಮತ್ತು ಆರಂಕಿಯ ಒಂದು ಸಂಖ್ಯೆ. ಆ ಸಂಖ್ಯೆಯ ನಾಲ್ಕನೆಯ ಅಂಕಿ ಪೂರ್ತಿ ಸವೆದಿತ್ತು.

ಹೆಸರನ್ನು ಹುಡುಕುವ ಮುನ್ನ ಕಾಲವನ್ನು ಎರಡು ಗೋಡೆಗಳ ನಡುವೆ ಕಟ್ಟಿಹಾಕಬೇಕು. ಇದಕ್ಕೆ ಊರಿನ ಹೆಸರಿನಷ್ಟು ಒಳ್ಳೆಯ ಸಾಕ್ಷಿ ಬೇರಿಲ್ಲ. ಎಲ್ಬರ್‌ಫೆಲ್ಡ್ ಪ್ರತ್ಯೇಕ ನಗರವಾಗಿದ್ದದ್ದು 1929ರವರೆಗೆ. ಆಗ ಅದು ಬಾರ್ಮೆನ್ ಮುಂತಾದ ಊರುಗಳೊಂದಿಗೆ ಸೇರಿ, 1930ರಲ್ಲಿ ವುಪರ್ಟಾಲ್ ಎಂಬ ಹೆಸರು ಪಡೆಯಿತು. ಹಾಗಾಗಿ ನಮ್ಮ ತಕ್ಕಡಿ ಬಹುತೇಕ 1929ಕ್ಕಿಂತ ಹಿಂದಿನದು. ಕೊಲೋನ್ ನಗರದ ಹೆಸರು ಜರ್ಮನ್‌ನಲ್ಲಿ 'ಸಿ' ಅಕ್ಷರದಿಂದ ಶುರುವಾಗಿದ್ದರೆ 1919ಕ್ಕೆ ಹಿಂದಿನದು, 'ಕೆ' ಆಗಿದ್ದರೆ ಆಮೇಲಿನದು. ಕಾಸೆಲ್ ಊರಿಗೆ ಇದೇ ಬದಲಾವಣೆ 1926ರಲ್ಲಿ. ಕೆಮ್ನಿಟ್ಸ್ ಬದಲು ಕಾರ್ಲ್‌-ಮಾರ್ಕ್ಸ್‌-ಸ್ಟಾಟ್ ಎಂದಿದ್ದರೆ 1953ರಿಂದ 1990ರ ಒಳಗೆ. ವಿಳಾಸದಲ್ಲಿ ನಾಲ್ಕಂಕಿಯ ಪಿನ್‌ಕೋಡ್ ಇದ್ದರೆ 1960ರ ದಶಕದಿಂದ 1993ರ ನಡುವಿನದು. ಅಂಥದ್ದಕ್ಕೆ ಹಳೆಯದೆಂದು ಹೆಚ್ಚು ದುಡ್ಡು ಕೊಡಬೇಡಿ.

ಇನ್ನೊಂದು ಗೋಡೆ ಸಂಕ್ಷೇಪಾಕ್ಷರಗಳದ್ದು. ಡಿ.ಆರ್.ಪಿ. ಅಂದರೆ ಜರ್ಮನ್ ಸಾಮ್ರಾಜ್ಯದ ಪೇಟೆಂಟ್. ಆ ಕಾನೂನು ಬಂದದ್ದು 1877ರಲ್ಲಿ. ಡಿ.ಆರ್.ಜಿ.ಎಂ. ಅಂದರೆ ಸಣ್ಣಪುಟ್ಟ ಸುಧಾರಣೆಗೆ ಕೊಡುತ್ತಿದ್ದ ನೋಂದಣಿ, ಅದು 1891ರ ಅಕ್ಟೋಬರಿನಿಂದ. ಎರಡಕ್ಕೂ ಬೆಲೆ ಒಂದೇ ಎಂದುಕೊಳ್ಳಬಾರದು. ಪೇಟೆಂಟಿಗೆ ಚಿತ್ರ ಸಮೇತ ಮುದ್ರಿತ ಪತ್ರವಿರುತ್ತದೆ, ಇವತ್ತು ಮನೆಯಲ್ಲೇ ಕೂತು ಪುಕ್ಕಟೆ ಓದಬಹುದು. ಡಿ.ಆರ್.ಜಿ.ಎಂ.ಗೆ ಹಾಗೆ ಪತ್ರ ಅಚ್ಚಾಗುತ್ತಿರಲಿಲ್ಲ. ಪೇಟೆಂಟ್ ಕಚೇರಿಯ ವಾರಪತ್ರಿಕೆಯಲ್ಲಿ ಒಂದು ಸಾಲಿನ ಶೀರ್ಷಿಕೆ ಸಿಕ್ಕರೆ ಪುಣ್ಯ.

ಬಿರಡೆಯ ಮೇಲಿನ ಮುದ್ರೆಗಳು ಸರ್ಕಾರಿ ತೂಕ-ಅಳತೆ ತಪಾಸಣೆಯವು. ಸಾಮ್ರಾಜ್ಯದ ಕಾಲದ ಮುದ್ರೆಯಲ್ಲಿ ಅಲೆಯಾಡುವ ಪಟ್ಟಿಯೊಂದರ ಮೇಲೆ ಡಿ ಮತ್ತು ಆರ್ ಅಕ್ಷರ, ಜೊತೆಗೆ ಪ್ರಾಂತದ ಮತ್ತು ಕಚೇರಿಯ ಸಂಖ್ಯೆಗಳು ಇರುತ್ತವೆ. 1908ರ ಕಾನೂನು 1912ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಅಂಗಡಿ ತಕ್ಕಡಿಗಳನ್ನು ಎರಡು ವರ್ಷಕ್ಕೊಮ್ಮೆ ಮರುತಪಾಸಣೆಗೆ ಒಯ್ಯಲೇಬೇಕಾಯಿತು. ಅಲ್ಲಿಂದಾಚೆಗೆ ಎರಡಂಕಿಯ ಇಸವಿ ಮುದ್ರೆಗಳು ಸಾಲುಗಟ್ಟುತ್ತವೆ. ನಮ್ಮದರಲ್ಲಿ ಓದಲು ಬಂದದ್ದು 12, 14 ಮತ್ತು 22. ಮುದ್ರೆ ಹೇಳುವುದು ತಕ್ಕಡಿಯನ್ನು ಎಲ್ಲಿ ಬಳಸಿದರು ಎಂಬುದನ್ನು, ಎಲ್ಲಿ ಮಾಡಿದರು ಎಂಬುದನ್ನಲ್ಲ. ಮುದ್ರೆಯೇ ಇಲ್ಲದಿದ್ದರೆ ಗಾಬರಿ ಬೇಡ. ಅಡುಗೆಮನೆ ತಕ್ಕಡಿಗಳಿಗೆ ತಪಾಸಣೆ ಕಡ್ಡಾಯವಿರಲಿಲ್ಲ, ವ್ಯಾಪಾರಕ್ಕೆ ಬಳಸುವಂತಿಲ್ಲ ಎಂಬರ್ಥದ ಸಾಲು ಎಷ್ಟೋ ಬಾರಿ ಮುಖದ ಮೇಲೇ ಇರುತ್ತದೆ.

ಈಗ ಆ ಮೂರು ತಿಂಗಳ ಕಥೆ.

ಪಟ್ಟಿಯ ಮೇಲಿನ ಹೆಸರನ್ನೇ ತಯಾರಕ ಅಂದುಕೊಂಡು ಹುಡುಕಾಟ ಶುರುವಾಯಿತು. ಜರ್ಮನಿಯ ಹಳೆಯ ನಗರ ವಿಳಾಸ ಪುಸ್ತಕಗಳು ದೊಡ್ಡ ಪ್ರಮಾಣದಲ್ಲಿ ಸ್ಕ್ಯಾನ್ ಆಗಿವೆ. ಸಾಮ್ರಾಜ್ಯದ ಗೆಜೆಟ್ ಆಗಿದ್ದ ರೈಖ್ಸ್‌ಆನ್‌ಟ್ಸೈಗರ್ ಪತ್ರಿಕೆಯನ್ನು ಮಾನ್‌ಹೈಮ್ ವಿಶ್ವವಿದ್ಯಾಲಯದ ಗ್ರಂಥಾಲಯ ಅಂತರ್ಜಾಲಕ್ಕೆ ಏರಿಸಿದೆ. ಕಂಪನಿ ನೋಂದಣಿ, ಪಾಲುದಾರರ ಬದಲಾವಣೆ, ದಿವಾಳಿ, ಟ್ರೇಡ್‌ಮಾರ್ಕ್ ಎಲ್ಲವೂ ಅದರಲ್ಲಿವೆ. ಅದೇ ಮನೆತನದ ಹೆಸರು, ಪಕ್ಕದ ಬಾರ್ಮೆನ್ ಊರು, ಉದ್ಯಮ 'ವಾಗನ್‌ಫಾಬ್ರಿಕ್'. ತಕ್ಕಡಿ ಕಾರ್ಖಾನೆ ಎಂದೇ ಓದಿಕೊಂಡೆ. ಇನ್ನೇನು ಬೇಕು? ಸ್ಥಾಪನೆ, ಅಪ್ಪನಿಂದ ಮಗನಿಗೆ ಹಸ್ತಾಂತರ, ಹೊಸ ಶೆಡ್ಡು ಕಟ್ಟಿದ್ದು, ಎಲ್ಲ ಒಂದೊಂದಾಗಿ ಸಿಕ್ಕಿತು. ಎಂಟು ಪುಟ ಟಿಪ್ಪಣಿಯಾಯಿತು. ಕೊನೆಗೆ ಒಂದು ಪತ್ರಿಕೆಯಲ್ಲಿ ಆ ಕಂಪನಿಯ ಜಾಹೀರಾತು ಕಣ್ಣಿಗೆ ಬಿತ್ತು. ಚಿತ್ರದಲ್ಲಿ ಎರಡು ಕುದುರೆ ಕಟ್ಟಿದ ಸಾರೋಟು!

ತಪ್ಪಿದ್ದು ಒಂದು ಅಕ್ಷರದಲ್ಲಿ. ತಕ್ಕಡಿಗೆ ಜರ್ಮನ್ ಪದ ವಾಗೆ, ಬಹುವಚನ ವಾಗನ್. ಗಾಡಿಗೂ ವಾಗನ್. ಇವತ್ತು ತಕ್ಕಡಿಯ ಪದಕ್ಕೆ ಎರಡು 'ಎ' ಅಕ್ಷರ ಹಾಕಿ ಬರೆಯುವುದರಿಂದ ಗೊಂದಲವಿಲ್ಲ. ಆ ಎರಡನೆಯ 'ಎ' ಅಧಿಕೃತವಾಗಿ ಬಂದದ್ದು 1927ರಲ್ಲಿ. ಅದಕ್ಕೆ ಮುಂಚಿನ ಕಾಗದಗಳಲ್ಲಿ ತಕ್ಕಡಿ ಕಾರ್ಖಾನೆ, ಗಾಡಿ ಕಾರ್ಖಾನೆ ಎರಡೂ ಅಕ್ಷರಶಃ ಒಂದೇ ಪದ. ಇದಕ್ಕೆ ಪರಿಹಾರ, ಆ ಪದವನ್ನೇ ಬಿಟ್ಟು ಅದರ ನೆರೆಹೊರೆಯನ್ನು ಹುಡುಕುವುದು: 'ಗೆವಿಖ್ಟೆ', ಅಂದರೆ ತೂಕದ ಬಟ್ಟುಗಳು, ಅಥವಾ 'ಡೆಸಿಮಾಲ್‌ವಾಗೆ', ಅಂದರೆ ಮೂಟೆ ತೂಗುವ ಹತ್ತಕ್ಕೊಂದರ ತಕ್ಕಡಿ. ಗಾಡಿ ಮಾಡುವವರು ಬಟ್ಟು ಮಾರುವುದಿಲ್ಲ. ಫ್ರಾಕ್ಟುರ್ ಎಂಬ ಹಳೆಯ ಜರ್ಮನ್ ಅಕ್ಷರಶೈಲಿಯ ಅಚ್ಚಿನಲ್ಲಿ ಉದ್ದನೆಯ 'ಎಸ್' ಅಕ್ಷರವನ್ನು ಕಂಪ್ಯೂಟರ್ 'ಎಫ್' ಎಂದು ಓದುತ್ತದೆ ಎಂಬುದೂ ನೆನಪಿರಲಿ. ಹೆಸರಿನಲ್ಲಿ 'ಎಸ್' ಇದ್ದರೆ ಎರಡೂ ರೀತಿ ಟೈಪ್ ಮಾಡಿ ಹುಡುಕಬೇಕು. ಇದೇ ಪದದಿಂದ ಒಂದು ಉಪಕಾರವೂ ಇದೆ: ತಕ್ಕಡಿಯ ಮೇಲೆ ಒಂದೇ 'ಎ' ಇದ್ದರೆ ಅದು 1920ರ ದಶಕ ಅಥವಾ ಅದಕ್ಕೆ ಹಿಂದಿನದು ಎನ್ನಲು ಒಳ್ಳೆಯ ಆಧಾರ.

ವಿಳಾಸ ಪುಸ್ತಕವನ್ನು ಎರಡನೆಯ ಸಲ ತೆರೆದಾಗ ಹೆಸರುಗಳ ಭಾಗಕ್ಕೆ ಹೋಗದೆ ಹಿಂದಿನ ಕಸುಬುಗಳ ಭಾಗಕ್ಕೆ ಹೋದೆ. ಮೊದಲೇ ಮಾಡಬೇಕಿದ್ದ ಕೆಲಸ. ಸಾಮಾನ್ಯವಾಗಿ ಈ ಪುಸ್ತಕಗಳಲ್ಲಿ ಮೂರು ಭಾಗ: ಅಕಾರಾದಿ ಹೆಸರು, ಬೀದಿವಾರು ಮನೆ, ಕಸುಬುವಾರು ಪಟ್ಟಿ. ಎಲ್ಬರ್‌ಫೆಲ್ಡ್ ಹೆಸರು ಸಿಕ್ಕಿದ್ದು ಕಬ್ಬಿಣದ ಸಾಮಾನಿನ ಅಂಗಡಿಗಳ ಸಾಲಿನಲ್ಲಿ. ಬೀಗ, ಬಾಣಲೆ, ಒಲೆ, ತಕ್ಕಡಿ ಮಾರುವ ಅಂಗಡಿ. ಅಂಗಡಿಯವರು ಕಾರ್ಖಾನೆಯಿಂದ ತಕ್ಕಡಿ ತರಿಸಿ ತಮ್ಮ ಹೆಸರಿನ ಪಟ್ಟಿ ಹೊಡೆಸುತ್ತಿದ್ದರು, ಅಷ್ಟೆ. ಟಾಫೆಲ್‌ವಾಗೆಗಳಲ್ಲಿ ಇದು ಬಹಳ ಸಾಮಾನ್ಯ. ಮುಂದೆ ದೊಡ್ಡದಾಗಿ ಕೆತ್ತಿದ ಹೆಸರಿಗಿಂತ ಅಡಿಯಲ್ಲಿ ಎರಕದಲ್ಲೇ ಬಂದ ಪುಟ್ಟ ಅಕ್ಷರಕ್ಕೆ ಹೆಚ್ಚು ಬೆಲೆ ಕೊಡಿ. ಪಟ್ಟಿಯನ್ನು ಯಾರು ಬೇಕಾದರೂ ಮೊಳೆ ಹೊಡೆದು ಕೂರಿಸಬಹುದು, ಎರಕದ ಅಚ್ಚು ಕಾರ್ಖಾನೆಯದ್ದು.

ಉಳಿದದ್ದು ಒಂದು ಅಂಕಿ ಸವೆದ ಪೇಟೆಂಟ್ ಸಂಖ್ಯೆ. ಸೊನ್ನೆಯಿಂದ ಒಂಬತ್ತರವರೆಗೆ ಹತ್ತೇ ಸಾಧ್ಯತೆ, ಹತ್ತನ್ನೂ ತೆಗೆದು ನೋಡುವುದಕ್ಕೆ ಒಂದು ಸಂಜೆ ಸಾಕಾಯಿತು. ಜರ್ಮನ್ ಪೇಟೆಂಟ್ ಕಚೇರಿಯ ಡೆಪಾಟಿಸ್‌ನೆಟ್ ಅಥವಾ ಯುರೋಪಿನ ಎಸ್ಪಾಸ್‌ನೆಟ್‌ನಲ್ಲಿ ಜರ್ಮನಿಯ ಸಂಕೇತ 'ಡಿಇ' ಹಾಕಿ ಸಂಖ್ಯೆ ಬರೆಯಬೇಕು. ಕೊನೆಯಲ್ಲಿ 'ಎ' ಅಕ್ಷರದಿಂದ ಸಿಗದಿದ್ದರೆ 'ಸಿ' ಹಾಕಿ ನೋಡಿ. ನಾವು ನೋಡಬೇಕಾದದ್ದು ಪತ್ರದ ತಲೆಯಲ್ಲಿರುವ ವರ್ಗ. ತಕ್ಕಡಿಗಳು ಹಳೆಯ ಜರ್ಮನ್ ವರ್ಗೀಕರಣದಲ್ಲಿ 42ನೆಯ ವರ್ಗದ 'ಎಫ್' ಗುಂಪಿನಲ್ಲಿ ಬರುತ್ತವೆ, ಈಗಿನ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಜಿ01ಜಿ. ಹತ್ತರಲ್ಲಿ ಒಂದು ನೇಯ್ಗೆ ಯಂತ್ರ, ಒಂದು ಗ್ಯಾಸ್ ದೀಪ, ಒಂದು ಬಣ್ಣದ ರಸಾಯನ, ಹೀಗೆ ಒಂಬತ್ತು ಬೇರೆ ದಿಕ್ಕಿನವು. ಏಳನೆಯದು 42 ಎಫ್.

ಆ ಎರಡು ಪುಟದ ಪತ್ರದಲ್ಲಿದ್ದ ಎರಡನೆಯ ಚಿತ್ರವನ್ನು ತಕ್ಕಡಿಯ ಪಕ್ಕ ಇಟ್ಟು ನೋಡಿದ ಕ್ಷಣ ಮಾತ್ರ ಅಲ್ಲಿಯವರೆಗಿನ ದಣಿವೆಲ್ಲ ಇಳಿಯಿತು. ಕೆಳಗಿನ ಹಿಡಿಕಂಬಿಯ ತುದಿಯಲ್ಲಿ ಉದ್ದುದ್ದ ಸೀಳು, ಸೀಳಿನಲ್ಲಿ ತಿರುಪು, ತಿರುಪಿನ ಕೆಳಗೆ ಓರೆಯಾಗಿ ಕೊರೆದ ಬಿಲ್ಲೆ. ಕಂಬಿಯ ಉದ್ದವನ್ನು ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡಿ, ತಟ್ಟೆಯ ಅಂಚಿನಲ್ಲಿ ಬರುವ ತಪ್ಪನ್ನು ತಿದ್ದುವ ಏರ್ಪಾಡು ಅದು. ಸಂತೆಯಲ್ಲಿ ಅಂಚಿನ ಪರೀಕ್ಷೆಯಲ್ಲಿ ತಕ್ಕಡಿ ಎಡವಿದ್ದಕ್ಕೆ ಕಾರಣವೂ ಅಲ್ಲೇ ಇತ್ತು. ಬಲಗಡೆಯ ತಿರುಪು ಸಡಿಲ.

ಪೇಟೆಂಟಿನಲ್ಲಿ ಹೆಸರು, ಊರು, ಯಾವ ದಿನದಿಂದ ಜಾರಿ ಎಲ್ಲ ಇರುತ್ತದೆ. ನಮ್ಮದು 1909. ಪಡೆದವನು ಕಂಪನಿಯಲ್ಲ, ಒಬ್ಬ ವ್ಯಕ್ತಿ. ಎಲ್ಬರ್‌ಫೆಲ್ಡ್‌ನಿಂದ ದೂರವೇನಲ್ಲದ ಇನ್ನೊಂದು ಊರಿನವನು. ಆ ಗುಡ್ಡಸೀಮೆಗೆ ತಕ್ಕಡಿ ಹೊಸದಲ್ಲ. 18ನೆಯ ಶತಮಾನದಲ್ಲೇ ಲೆನೆಪ್, ವಿಖ್‌ಲಿಂಗ್‌ಹೌಸನ್ ಮುಂತಾದ ಕಡೆ ನಾಣ್ಯ ತೂಗುವ ಪುಟ್ಟ ಪೆಟ್ಟಿಗೆ ತಕ್ಕಡಿಗಳನ್ನು ಮಾಡುತ್ತಿದ್ದರು. ಆದರೆ ಪೇಟೆಂಟ್ ಪಡೆದವನೇ ತಕ್ಕಡಿ ಮಾಡಿದ ಎನ್ನಲಾಗದು, ಹಕ್ಕು ಮಾರಿರಬಹುದು. ಅದಕ್ಕೇ ಆ ಊರಿನ ನಗರ ಪತ್ರಾಗಾರಕ್ಕೆ ಬರೆಯಬೇಕಾಯಿತು.

ಇಮೇಲ್ ಚಿಕ್ಕದಿರಲಿ, ಜರ್ಮನ್‌ನಲ್ಲೇ ಇರಲಿ. 'ಈ ತಕ್ಕಡಿಯ ಬಗ್ಗೆ ಏನಾದರೂ ಇದೆಯೇ' ಎಂದು ಕೇಳಿದರೆ 'ಬಂದು ನೋಡಿಕೊಳ್ಳಿ' ಎಂಬ ಉತ್ತರ ಬರುತ್ತದೆ. 'ಇಂಥ ಹೆಸರಿನವರ ಕಸುಬು ನೋಂದಣಿ ಚೀಟಿ 1905ರಿಂದ 1930ರ ಒಳಗೆ ಇದೆಯೇ, ಬೀದಿ ಇಂಥದ್ದು' ಎಂದು ಕೇಳಬೇಕು. ಜೊತೆಗೆ ಪೇಟೆಂಟಿನ ಪ್ರತಿ, ಎರಡು ಫೋಟೋ, ಮತ್ತು ಎಷ್ಟು ಶುಲ್ಕದವರೆಗೆ ಒಪ್ಪಿಗೆ ಎಂಬ ಸಾಲು. ಹುಡುಕಾಟಕ್ಕೆ ಸಾಮಾನ್ಯವಾಗಿ ಅರ್ಧ ಗಂಟೆಯ ಲೆಕ್ಕದಲ್ಲಿ ದುಡ್ಡು. ಸತ್ತು ಹತ್ತು ವರ್ಷ ಆಗದವರ ವೈಯಕ್ತಿಕ ಕಾಗದಗಳನ್ನು ಕೊಡುವುದಿಲ್ಲ. ಸಾವಿನ ದಿನ ಗೊತ್ತಿಲ್ಲದಿದ್ದರೆ ಹುಟ್ಟಿ ನೂರು ವರ್ಷದ ಲೆಕ್ಕ ಹಿಡಿಯುತ್ತಾರೆ. 1909ರ ಪೇಟೆಂಟಿಗೆ ಈ ತೊಂದರೆ ಇಲ್ಲ.

ಮೊದಲ ಇಮೇಲಿಗೆ ಏಳು ವಾರ ಉತ್ತರವಿಲ್ಲ. ನೆನಪಿಸಿದ ಮೇಲೆ ಬಂದ ಉತ್ತರ: ಯುದ್ಧದಲ್ಲಿ ಬಹಳ ಕಾಗದ ಸುಟ್ಟಿವೆ, ಕಾಯಿರಿ. ಆ ಸೀಮೆಯಲ್ಲಿ ಇದು ಹೊಸ ಮಾತಲ್ಲ. ಬಾರ್ಮೆನ್ 1943ರ ಮೇ ಕೊನೆಯಲ್ಲಿ, ಎಲ್ಬರ್‌ಫೆಲ್ಡ್ ಅದೇ ಜೂನ್‌ನಲ್ಲಿ ಬಾಂಬ್ ದಾಳಿಗೆ ಉರಿದವು. ಕಾಯುವ ತಿಂಗಳುಗಳಲ್ಲಿ ನೈಋತ್ಯದ ಬಾಲಿಂಗನ್‌ಗೆ ಹೋಗಿಬಂದದ್ದು ವ್ಯರ್ಥವಾಗಲಿಲ್ಲ. ಅಲ್ಲಿನ ಟ್ಸೋಲರ್ನ್ ಕೋಟೆಮನೆಯಲ್ಲಿ ತೂಕ ಮತ್ತು ತಕ್ಕಡಿಗಳದ್ದೇ ವಸ್ತುಸಂಗ್ರಹಾಲಯವಿದೆ. ಹತ್ತಿರದ ಓನ್ಸ್ಟ್‌ಮೆಟಿಂಗನ್‌ನಲ್ಲಿ 1764ರಿಂದ 1770ರವರೆಗೆ ಪಾದ್ರಿಯಾಗಿದ್ದ ಫಿಲಿಪ್ ಮಥೇಯಸ್ ಹಾನ್, ಬಟ್ಟೇ ಬೇಡದ, ಮುಳ್ಳು ವಾಲಿ ತೂಕ ತೋರಿಸುವ ತಕ್ಕಡಿಯನ್ನು ರೂಪಿಸಿದ. ಆ ಸೀಮೆಯ ತಕ್ಕಡಿ ಉದ್ಯಮದ ಬೇರು ಅಲ್ಲಿಂದ. 1866ರಲ್ಲಿ ಬಾಲಿಂಗನ್‌ನಲ್ಲಿ ಆಂಡ್ರಿಯಾಸ್ ಬಿಟ್ಸರ್ ಶುರುಮಾಡಿದ ಕಾರ್ಖಾನೆಯೇ ಇವತ್ತಿನ ಬಿಟ್ಸರ್ಬಾ. ಬೇರೆ ಬೇರೆ ತಯಾರಕರ ಕೊಕ್ಕು, ಕಾಲು, ಎರಕದ ಹೂಬಳ್ಳಿಗಳನ್ನು ಒಂದೇ ಕಡೆ ಸಾಲಾಗಿ ನೋಡಿದರೆ ಕಣ್ಣು ಪಳಗುತ್ತದೆ.

ನಾಲ್ಕೂವರೆ ತಿಂಗಳಿಗೆ ಬಂದ ಲಕೋಟೆಯಲ್ಲಿ ಮೂರು ಪ್ರತಿಗಳು. ಕಸುಬು ಚೀಟಿಯಲ್ಲಿ ಅವನು ಮೊದಲು 'ಶ್ಲೋಸರ್', ಅಂದರೆ ಬೀಗ-ಕಬ್ಬಿಣದ ಕೆಲಸದವನು. ಆ ಪದವನ್ನು ಹೊಡೆದುಹಾಕಿ ಮೇಲೆ ಬೇರೆ ಶಾಯಿಯಲ್ಲಿ 'ವಾಗನ್‌ಬೌವರ್' ಎಂದು ಬರೆದಿದೆ. ಮತ್ತೆ ಒಂದೇ 'ಎ'! ತಕ್ಕಡಿ ಕಟ್ಟುವವನೋ ಗಾಡಿ ಕಟ್ಟುವವನೋ? ಮೂರನೆಯ ಹಾಳೆಯಲ್ಲಿ ಉತ್ತರವಿತ್ತು: 1911ರಲ್ಲಿ ವರ್ಕ್‌ಶಾಪಿಗೆ ಸಣ್ಣ ಎರಕದ ಕುಲುಮೆ ಹಾಕಲು ಕೊಟ್ಟ ಅರ್ಜಿ, ಕಾರಣ 'ಟಾಫೆಲ್‌ವಾಗೆಗಳ ಒಡಲು'. ಅಲ್ಲಿಗೆ ಮುಗಿಯಿತು.

ಓದುವುದೆಲ್ಲ ಮುಗಿದ ಮೇಲಷ್ಟೇ ತಕ್ಕಡಿಗೆ ಸ್ನಾನ. ತಟ್ಟೆಗೆ ಬಿಸಿನೀರು, ಮೆದು ಸೋಪು, ಹಳೆಯ ಹಲ್ಲುಜ್ಜುವ ಬ್ರಷ್. ಕಬ್ಬಿಣದ ಬಣ್ಣ ಉದುರದಂತೆ ಒದ್ದೆಬಟ್ಟೆ ಒರೆಸಿ, ತಕ್ಷಣ ಒಣಗಿಸಿ, ತೆಳುವಾಗಿ ಮೇಣ. ಚೂರಿಯಂಚಿಗೆ ಎಣ್ಣೆ ಹಾಕಬೇಡಿ, ಧೂಳು ಅಂಟಿ ತಕ್ಕಡಿ ಸೋಮಾರಿಯಾಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಲಗಡೆಯ ತಿರುಪನ್ನು ಕಾಲು ಸುತ್ತು ತಿರುಗಿಸಿ, ಒಂದು ಕಿಲೋ ಬಟ್ಟನ್ನು ಅಂಚಿನಿಂದ ಅಂಚಿಗೆ ಸರಿಸಿ, ಮತ್ತೆ ತಿರುಗಿಸಿ, ಆರನೆಯ ಸಲಕ್ಕೆ ಕೊಕ್ಕುಗಳು ಅಲ್ಲಾಡದೆ ನಿಂತವು.

ಖರ್ಚಿನ ಲೆಕ್ಕ: ತಕ್ಕಡಿ 45 ಯೂರೋ, ಬಟ್ಟುಗಳನ್ನು ಕೂರಿಸುವ ಮರದ ದಿಮ್ಮಿಯಲ್ಲಿ ಕಾಣೆಯಾಗಿದ್ದ ಮೂರು ಬಟ್ಟಿಗೆ 18, ಪತ್ರಾಗಾರದ ಹುಡುಕಾಟಕ್ಕೆ 60, ಪ್ರತಿಗಳಿಗೆ 14, ಬಾಲಿಂಗನ್ ರೈಲಿಗೆ 34. ಒಟ್ಟು 171. ಪೇಟೆಂಟ್, ಗೆಜೆಟ್, ವಿಳಾಸ ಪುಸ್ತಕ ಮೂರಕ್ಕೂ ಸೊನ್ನೆ.

ನನ್ನ ತಕ್ಕಡಿ ಸಂಗ್ರಹದ ಪಟ್ಟಿಯಲ್ಲಿ ಈ ಮೊದಲು 'ಹೆಸರು' ಎಂಬ ಒಂದೇ ಕಲಂ ಇತ್ತು. ಈಗ ಅದನ್ನು ಒಡೆದು 'ಮಾರಿದವರು', 'ಮಾಡಿದವರು' ಎಂದು ಎರಡು ಮಾಡಿದ್ದೇನೆ. ಹದಿನಾಲ್ಕು ತಕ್ಕಡಿಗಳಲ್ಲಿ ಒಂಬತ್ತಕ್ಕೆ ಎರಡನೆಯ ಕಲಂ ಖಾಲಿಯಾಯಿತು.